ಮೊದಲು ಅಳತೆ, ಆಮೇಲೆ ಸಮೀಕರಣ: ದ್ವಿತೀಯ ಪಿಯುಸಿಗೆ ವಿದ್ಯುದ್ರಸಾಯನ ಕಲಿಸಿದ ನನ್ನ ಅನುಭವ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ವಿದ್ಯುದ್ರಸಾಯನವನ್ನು ಕಲಿಸುವಾಗ, ದ್ರಾವಣದ ಸಾರತೆಗೆ ತಕ್ಕಂತೆ ಕೋಶದ ವಿಭವ (ವೋಲ್ಟೇಜ್) ಹೇಗೆ ಬದಲಾಗುತ್ತದೆಂದು ಹೇಳುವ ನೆರ್ನ್‌ಸ್ಟ್ ಸಮೀಕರಣವನ್ನು ಹಲಗೆಯ ಮೇಲೆ ಬರೆಯುವ ಮುನ್ನವೇ ನಾನು ಅವರ ಕೈಯಿಂದ ಒಂದು ಡೇನಿಯಲ್ ಕೋಶವನ್ನು ಕಟ್ಟಿಸುತ್ತೇನೆ. ಮರಳುಕಾಗದದಿಂದ ಉಜ್ಜಿದ ಸತು ಮತ್ತು ತಾಮ್ರದ ಪಟ್ಟಿಗಳು, ಅವುಗಳ ಸಲ್ಫೇಟುಗಳ 1 ಮೋಲಾರ್ ದ್ರಾವಣಗಳು, ಪೊಟ್ಯಾಸಿಯಂ ನೈಟ್ರೇಟಿನಲ್ಲಿ ನೆನೆಸಿದ ಸೋಸುಕಾಗದದ ಲವಣಸೇತುವೆ ಮತ್ತು ಒಂದು ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಸಾಕು. ಮೀಟರು 1.10 ವೋಲ್ಟಿನ ಆಸುಪಾಸಿನಲ್ಲಿ ನಿಂತಾಗ, ಪ್ರಮಾಣ ವಿಭವಗಳ ಕೋಷ್ಟಕದಲ್ಲಿ ತಾಮ್ರಕ್ಕಿರುವ 0.34 ಮತ್ತು ಸತುವಿಗಿರುವ ಮೈನಸ್ 0.76 ಎಂಬ ಬೆಲೆಗಳು ಎಲ್ಲಿಂದ ಬಂದವೆಂದು ಅವರೇ ಕೇಳುತ್ತಾರೆ. ಹೈಡ್ರೋಜನ್ ವಿದ್ಯುದ್ವಾರವನ್ನು ಸೊನ್ನೆಯೆಂದು ಇಟ್ಟುಕೊಂಡ ಕಾರಣವನ್ನು ಹೇಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಆಮೇಲೆ ಲವಣಸೇತುವೆಯನ್ನು ಎತ್ತಿಸುತ್ತೇನೆ, ಕೋಶ ನಿಂತುಹೋಗುತ್ತದೆ. ಎಲೆಕ್ಟ್ರಾನುಗಳು ಸೇತುವೆಯ ಮೂಲಕ ದಾಟುತ್ತವೆ ಎಂದು ನಂಬಿದ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಎಲೆಕ್ಟ್ರಾನುಗಳ ದಾರಿ ಹೊರಗಿನ ತಂತಿ ಮಾತ್ರ. ಸೇತುವೆಯಲ್ಲಿ ನೈಟ್ರೇಟ್ ಅಯಾನುಗಳು ಸತುವಿನ ಕಡೆಗೂ ಪೊಟ್ಯಾಸಿಯಂ ಅಯಾನುಗಳು ತಾಮ್ರದ ಕಡೆಗೂ ಚಲಿಸಿ ಎರಡು ಬೀಕರುಗಳ ವಿದ್ಯುತ್ ತಟಸ್ಥತೆಯನ್ನು ಕಾಯುತ್ತವೆ.

ನನ್ನ ಮಟ್ಟಿಗೆ ಇಡೀ ಅಧ್ಯಾಯದ ಜೀವಾಳ ಮುಂದಿನ ಹೆಜ್ಜೆಯಲ್ಲಿದೆ. ತಾಮ್ರದ ದ್ರಾವಣವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಮೀಟರು ಎಷ್ಟು ತೋರಿಸೀತೆಂದು ಮೊದಲೇ ಬರೆದಿಡಲು ಹೇಳುತ್ತೇನೆ. ಬಹಳಷ್ಟು ಮಂದಿ ದೊಡ್ಡ ಕುಸಿತವನ್ನು ನಿರೀಕ್ಷಿಸುತ್ತಾರೆ, ಆದರೆ ಇಳಿಯುವುದು ಸುಮಾರು 0.03 ವೋಲ್ಟ್ ಮಾತ್ರ. ಇನ್ನೊಮ್ಮೆ ಹತ್ತು ಪಟ್ಟು ತೆಳುವಾಗಿಸಿದರೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಸಾರತೆಯನ್ನು ಪ್ರತಿ ಸಲ ಹತ್ತರಿಂದ ಭಾಗಿಸಿದರೂ ವಿಭವದಿಂದ ಒಂದೇ ಮೊತ್ತ ಕಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಸಮೀಕರಣದಲ್ಲಿ ಲಾಗರಿದಮ್ ಏಕಿದೆ, ಅದರಲ್ಲಿರುವ 0.059 ಅನ್ನು ಎಲೆಕ್ಟ್ರಾನುಗಳ ಸಂಖ್ಯೆಯಾದ 2ರಿಂದ ಏಕೆ ಭಾಗಿಸಬೇಕು ಎಂಬುದನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ.

ಲೆಕ್ಕಗಳಲ್ಲಿ ಹೆಚ್ಚು ಎಡವುವುದು ತಾಮ್ರ–ಬೆಳ್ಳಿ ಕೋಶದಲ್ಲಿ. ಬೆಳ್ಳಿಯ ಅರ್ಧಕ್ರಿಯೆಯನ್ನು 2ರಿಂದ ಗುಣಿಸಿದೊಡನೆ ಅದರ ಪ್ರಮಾಣ ವಿಭವವಾದ 0.80 ವೋಲ್ಟನ್ನೂ ಗುಣಿಸಿಬಿಡುತ್ತಾರೆ. ವಿಭವವೆಂದರೆ ಒಂದು ಕೂಲಂಬ್ ಆವೇಶಕ್ಕೆ ದೊರೆಯುವ ಶಕ್ತಿ. ಆವೇಶ ಇಮ್ಮಡಿಸಿದರೆ ಶಕ್ತಿಯೂ ಇಮ್ಮಡಿಸುತ್ತದೆಯೇ ಹೊರತು ಅವುಗಳ ಅನುಪಾತ ಬದಲಾಗುವುದಿಲ್ಲ. ಆದ್ದರಿಂದ ಆ ಕೋಶದ ಪ್ರಮಾಣ ವಿಭವ 0.46 ವೋಲ್ಟ್ ಆಗಿಯೇ ಉಳಿಯುತ್ತದೆ. ಕೋಶದಿಂದ ಪಡೆಯಬಹುದಾದ ಕೆಲಸವನ್ನು ಅಳೆಯುವ ಗಿಬ್ಸ್ ಶಕ್ತಿ ಮಾತ್ರ ಎಲೆಕ್ಟ್ರಾನುಗಳ ಸಂಖ್ಯೆಯೊಂದಿಗೆ ಬೆಳೆಯುತ್ತದೆ: ಡೇನಿಯಲ್ ಕೋಶದಲ್ಲಿ 2 (ಎಲೆಕ್ಟ್ರಾನುಗಳ ಸಂಖ್ಯೆ), 96500 (ಒಂದು ಮೋಲ್ ಎಲೆಕ್ಟ್ರಾನುಗಳ ಆವೇಶ, ಕೂಲಂಬುಗಳಲ್ಲಿ) ಮತ್ತು 1.10ರ ಗುಣಲಬ್ಧದಿಂದ ಮೋಲಿಗೆ ಮೈನಸ್ 212 ಕಿಲೋಜೌಲ್ ಬರುತ್ತದೆ.

ಹೊರಗಿನ ವಿದ್ಯುತ್ತಿನಿಂದ ಕ್ರಿಯೆ ನಡೆಸುವ ವಿದ್ಯುದ್ವಿಭಜನೆಗೆ ಬಂದಾಗ ವಿದ್ಯುದ್ವಾರಗಳ ಚಿಹ್ನೆಗಳು ಅದಲುಬದಲಾಗಿ ಗೊಂದಲವಾಗುವುದರಿಂದ, ಉತ್ಕರ್ಷಣ (ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದು) ನಡೆಯುವ ತಾಣವೇ ಆನೋಡ್ ಎಂಬ ಒಂದನ್ನೇ ಹಿಡಿದುಕೊಳ್ಳಲು ಹೇಳುತ್ತೇನೆ. ಧನವೋ ಋಣವೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಎರಡು ತಾಮ್ರದ ಪಟ್ಟಿಗಳ ನಡುವೆ 0.5 ಆಂಪಿಯರ್ ಪ್ರವಾಹವನ್ನು 30 ನಿಮಿಷ ಹರಿಸಿದರೆ 900 ಕೂಲಂಬ್ ಆಗುತ್ತದೆ, ಅಂದರೆ ಕ್ಯಾಥೋಡಿನ ಮೇಲೆ ಸುಮಾರು 0.296 ಗ್ರಾಂ ತಾಮ್ರ ಕೂರಬೇಕು. ಪಟ್ಟಿಯನ್ನು ಮೆಲ್ಲಗೆ ತೊಳೆದು, ಒಣಗಿಸಿ ತೂಗಿದಾಗ ಆ ಅಂಕಿಯ ಹತ್ತಿರಕ್ಕೆ ಬಂದರೆ, ಹರಿದ ಆವೇಶಕ್ಕೆ ತಕ್ಕಷ್ಟೇ ಲೋಹ ಕೂರುತ್ತದೆ ಎನ್ನುವ ಫ್ಯಾರಡೆಯ ನಿಯಮದ ಮೇಲೆ ಮಕ್ಕಳಿಗೆ ಬರುವ ವಿಶ್ವಾಸವೇ ಬೇರೆ.

ಬಹಳ ತೆಳುವಾದ ದ್ರಾವಣದ ಮೋಲಾರ್ ವಾಹಕತೆ ಅದರ ಅಯಾನುಗಳ ಕೊಡುಗೆಗಳ ಮೊತ್ತ ಎನ್ನುವ ಕೋಲ್ರಾಶ್ ನಿಯಮಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಅಸಿಟಿಕ್ ಆಮ್ಲದ ಒಂದು ಉದಾಹರಣೆ, ಅಂದರೆ ಸೋಡಿಯಂ ಅಸಿಟೇಟಿನ 91.0ಕ್ಕೆ ಹೈಡ್ರೋಕ್ಲೋರಿಕ್ ಆಮ್ಲದ 425.9 ಕೂಡಿ ಸೋಡಿಯಂ ಕ್ಲೋರೈಡಿನ 126.4 ಕಳೆದರೆ 390.5 ಎಂಬ ಲೆಕ್ಕ, ಏಕಮಾನಗಳ ಸಮೇತ ಚೆನ್ನಾಗಿ ಅರಗಿದರೆ ಉಳಿದ ಲೆಕ್ಕಗಳನ್ನು ಅವರೇ ಬಿಡಿಸಿಕೊಳ್ಳುತ್ತಾರೆ.