ಲೈಫ್ ಜಾಕೆಟ್ ಸರಿಯಾಗಿ ಕೂತಿದೆಯಾ? ಭುಜ ಹಿಡಿದು ಎಳೆದು ನೋಡಿ
ದೋಣಿ ಹತ್ತುವ ಮುಂಚೆ ಲೈಫ್ ಜಾಕೆಟ್‌ನ ಜಿಪ್, ಬಕಲ್ ಎಲ್ಲ ಹಾಕಿ, ಪಟ್ಟಿಗಳನ್ನು ಸೊಂಟದಿಂದ ಶುರು ಮಾಡಿ ಮೇಲಕ್ಕೆ ಬಿಗಿ ಮಾಡಿ. ಆಮೇಲೆ ಎರಡೂ ಕೈ ಮೇಲೆತ್ತಿ ನಿಂತು, ಜಾಕೆಟ್‌ನ ಭುಜದ ಭಾಗವನ್ನು ಹಿಡಿದು ಮೇಲಕ್ಕೆಳೆಯಲು ಪಕ್ಕದವರಿಗೆ ಹೇಳಿ. ಅದು ಗದ್ದ ದಾಟಿ ಕಿವಿಯ ಹತ್ತಿರ ಬಂದರೆ ಸಡಿಲ ಇದೆ ಅಂತ. ಇನ್ನೂ ಬಿಗಿ ಮಾಡಿ; ಆಗಲೂ ಬಂದರೆ ಸೈಜೇ ದೊಡ್ಡದು, ಬದಲಿಸಿ. ನೀರಿಗೆ ಬಿದ್ದಾಗ ಆಗುವುದೂ ಇದೇ ಅಲ್ವಾ: ಜಾಕೆಟ್ ಮೇಲಕ್ಕೆ ತೇಲುತ್ತದೆ, ಮೈ ಕೆಳಕ್ಕೆ ಜಾರುತ್ತದೆ. ಸಡಿಲ ಇದ್ದರೆ ಜಾಕೆಟ್ ಮುಖಕ್ಕೆ ಅಡ್ಡ ಬರುತ್ತದೆ, ಇಲ್ಲವೇ ತಲೆಯಿಂದ ಕಳಚಿಯೇ ಹೋಗುತ್ತದೆ. ಮಕ್ಕಳಿಗಂತೂ ದೊಡ್ಡವರ ಜಾಕೆಟ್ ಎಷ್ಟು ಬಿಗಿದರೂ ಆಗಲ್ಲ. ಒಳಗಿನ ಲೇಬಲ್‌ನಲ್ಲಿರುವ ತೂಕ ನೋಡಿಯೇ ಹಾಕಿ. ತೀರಾ ಚಿಕ್ಕವರಿಗೆ ಕಾಲುಗಳ ನಡುವೆ ಕಟ್ಟುವ ಪಟ್ಟಿ ಇರುವುದೇ ಬೇಕು. ಒಂದು ಮಾತು, ಹೀಗೆ ಎಳೆದು ನೋಡಿದರೆ ಅಳತೆ ಮಾತ್ರ ಗೊತ್ತಾಗುತ್ತದೆ. ಫೋಮ್ ಗಟ್ಟಿಯಾಗಿದ್ದರೆ, ಬಟ್ಟೆ ಹರಿದಿದ್ದರೆ ಜಾಕೆಟ್ ಚೆನ್ನಾಗಿ ಕೂತರೂ ಸರಿಯಾಗಿ ತೇಲಿಸಲಿಕ್ಕಿಲ್ಲ. ಗಾಳಿ ತುಂಬಿಕೊಳ್ಳುವ ಬಗೆಯದಾದರೆ ಗ್ಯಾಸ್ ಸಿಲಿಂಡರ್ ಖಾಲಿಯಾಗಿದೆಯಾ ಅಂತ ಬೇರೆಯಾಗಿ ನೋಡಬೇಕು.