ಹಾಟ್ ಅಂದರೆ ಬಿಸಿಯೋ, ಖಾರವೋ?

ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲಿ ನನ್ನ ಟ್ಯೂಷನ್ ಹುಡುಗರದು ಒಂದೇ ಮಾತು: ‘ಟುಡೇ ವೆರಿ ಹೀಟ್ ಮಿಸ್!’ ಹೀಟ್ ಅಂದರೆ ಶಾಖ. ದಿನ ಹೇಗಿದೆ ಅಂತ ಹೇಳೋಕೆ ಬೇಕಾದ್ದು ಹಾಟ್. ‘ಇಟ್ ಈಸ್ ವೆರಿ ಹಾಟ್ ಟುಡೇ’ ಅನ್ನಿ. ಆ ‘ಇಟ್’ ನುಂಗಬೇಡಿ. ನಮಗೆ ‘ಏನ್ ಸೆಕೆ!’ ಅಂದರೆ ಸಾಕು, ಇಂಗ್ಲಿಷ್‌ಗೆ ಸಾಲದು.

ಗೊಂದಲ ಜಾಸ್ತಿ ಇರೋದು ತಿಂಡಿಯಲ್ಲಿ. ಸಂಜೆ ಮಂಡಕ್ಕಿ ಜೊತೆ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ ಬಂತು ಅಂದುಕೊಳ್ಳಿ. ‘ದಿಸ್ ಈಸ್ ಹಾಟ್’ ಅಂದರೆ ಯಾವುದು? ಹೊರಗಿನ ಹಿಟ್ಟು ತುಟಿ ಸುಡುತ್ತದೆ, ಒಳಗಿನ ಮೆಣಸಿನಕಾಯಿ ಕಣ್ಣಲ್ಲಿ ನೀರು ತರಿಸುತ್ತದೆ. ಎರಡಕ್ಕೂ ಹಾಟ್ ಅನ್ನಬಹುದು. ಇಂಗ್ಲಿಷರಿಗೆ ಪದ ಸಾಲಲಿಲ್ಲ ಅಂತ ನಗಬೇಡಿ. ಸುಮಾರು 43 ಡಿಗ್ರಿ ದಾಟಿದ ಬಿಸಿಯನ್ನು ಗುರುತಿಸುವ ನರಗಳನ್ನೇ ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಅನ್ನೋ ಅಂಶ ಕೂಡ ಕೆಣಕುತ್ತದೆ. ಇದನ್ನು ಪತ್ತೆ ಮಾಡಿದ ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ನಾಲಿಗೆಗೆ ಎರಡೂ ಉರಿಯೇ!

ಆದರೂ ಹೊರಗಿನಿಂದ ಬಂದ ನೆಂಟರಿಗೆ ಬಿಡಿಸಿ ಹೇಳಿ. ಹೊಗೆಯಾಡುತ್ತಿದ್ದರೆ ‘ಪೈಪಿಂಗ್ ಹಾಟ್’, ಖಾರವಾಗಿದ್ದರೆ ‘ಸ್ಪೈಸಿ’. ಬೆಣ್ಣೆ ದೋಸೆ ತಟ್ಟೆಯನ್ನೇ ನೋಡಿ: ಕಾವಲಿಯಿಂದ ಇಳಿದ ದೋಸೆ ಹಾಟ್, ಹಸಿಮೆಣಸಿನಕಾಯಿ ಅರೆದ ಕಾಯಿ ಚಟ್ನಿ ಸ್ಪೈಸಿ, ಸಪ್ಪೆ ಆಲೂಗಡ್ಡೆ ಪಲ್ಯ ‘ಮೈಲ್ಡ್’. ಚಕ್ಕೆ, ಲವಂಗ ಜೋರಾಗಿ ಬಿದ್ದ ಪಲಾವ್‌ಗೂ ಸ್ಪೈಸಿ ಅಂತಾರೆ, ಖಾರ ಇಲ್ಲದಿದ್ದರೂ.

ಇನ್ನು ನಮ್ಮ ‘ಪಪ್ಪಾಯಿ ಹೀಟು, ಎಳನೀರು ತಂಪು’. ಇದನ್ನು ‘ಪಪಾಯ ಈಸ್ ಹಾಟ್’ ಅಂದರೆ ಕೇಳಿದವರು ಹಣ್ಣು ಮುಟ್ಟಿ ನೋಡುತ್ತಾರೆ ಅಷ್ಟೇ. ‘ವಿ ಬಿಲೀವ್ ಪಪಾಯ ಹೀಟ್ಸ್ ದ ಬಾಡಿ’ ಅನ್ನಿ. ಇಲ್ಲಿ ಹೀಟ್ ಕ್ರಿಯಾಪದ, ನಡೆಯುತ್ತದೆ.

ಮನುಷ್ಯರ ವಿಷಯದಲ್ಲಿ ಹುಷಾರು. ‘ಹಿ ಈಸ್ ಹಾಟ್’ ಅಂದರೆ ನೋಡೋಕೆ ಭಾರಿ ಆಕರ್ಷಕ ಅಂತಲೂ ಆಗುತ್ತದೆ. ಆಫೀಸಲ್ಲಂತೂ ಬೇಡವೇ ಬೇಡ. ಸಿಡುಕನಾದರೆ ‘ಹಾಟ್ ಟೆಂಪರ್ಡ್’, ಜ್ವರವಾದರೆ ‘ಹಿ ಹ್ಯಾಸ್ ಎ ಫೀವರ್’.

ಹೋಲಿಸುವಾಗ ‘ಮೋರ್ ಹಾಟ್’ ಅಲ್ಲ, ‘ಹಾಟರ್’. ಬರೆಯುವಾಗ ಎರಡು ಟಿ. ‘ದಾವಣಗೆರೆ ಈಸ್ ಹಾಟರ್ ದ್ಯಾನ್ ಬೆಂಗಳೂರು’: ಬೇಸಿಗೆಯಲ್ಲಿ ಈ ವಾಕ್ಯಕ್ಕೆ ನಮ್ಮೂರಲ್ಲಿ ಯಾರೂ ತಕರಾರು ತೆಗೆಯಲ್ಲ.