ಗೇಮಿಂಗ್‌ಗೆ ದುಬಾರಿ ರ‍್ಯಾಮ್ ಬೇಕಾ? ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ 32 ಜಿಬಿ ಡಿಡಿಆರ್5 (ಹೊಸ ತಲೆಮಾರಿನ ರ‍್ಯಾಮ್) ಕೇಳಿದರೆ ಒಂದೇ 32 ಜಿಬಿಗೆ ನಾಲ್ಕು ರೇಟು ಹೇಳುತ್ತಾರೆ. ಒಂದರಲ್ಲಿ ಬಣ್ಣದ ಲೈಟು, ಇನ್ನೊಂದರಲ್ಲಿ ಬಿಸಿ ಇಳಿಸುವ ದಪ್ಪ ಹೀಟ್‌ಸಿಂಕ್, ಮತ್ತೊಂದರ ಡಬ್ಬಿ ಮೇಲೆ 8000 ಅಂತ ದೊಡ್ಡ ಅಕ್ಷರ. 2025ರ ಕೊನೆಯಲ್ಲಿ ಎಐ ಸರ್ವರ್‌ಗಳಿಗೆ ಚಿಪ್ ಹೋಗಿ ಹೋಗಿ ರ‍್ಯಾಮ್ ಬೆಲೆ ಬೇರೆ ಏರಿತು. ಹಾಗಾಗಿ ಸುಮ್ನೆ ಮೇಲಿನ ರೇಟಿನದ್ದನ್ನೇ ಎತ್ತಿಕೊಂಡು ಬರುವ ಹಾಗಿಲ್ಲ.

ಮೊದಲು ಲೈಟು, ಹೀಟ್‌ಸಿಂಕ್ ಎರಡನ್ನೂ ಮರೆತುಬಿಡಿ. ಡಬ್ಬಿ ಮೇಲೆ ಯಾವ ಹೆಸರಿದ್ದರೂ ಒಳಗಿನ ಚಿಪ್ ಬಹುತೇಕ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರಲ್ಲಿ ಒಬ್ಬರದ್ದೇ. ನೋಡಬೇಕಾದ್ದು ಎರಡು ಸಂಖ್ಯೆ: ಸ್ಪೀಡು (ಡಬ್ಬಿ ಮೇಲಿನ 6000, 8000 ಅನ್ನುವುದು ಇದೇ) ಮತ್ತು ಸಿಎಲ್ (ಕೇಳಿದ ಡೇಟಾ ಕೊಡಲು ರ‍್ಯಾಮ್ ಎಷ್ಟು ಕ್ಲಾಕ್ ಸುತ್ತು ಕಾಯಿಸುತ್ತದೆ ಅನ್ನುವ ಲೆಕ್ಕ). ಸಿಎಲ್ ಅನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿ, ಎಷ್ಟು ನ್ಯಾನೊಸೆಕೆಂಡ್ ತಡ ಅಂತ ಗೊತ್ತಾಗುತ್ತದೆ. 5600 ಸಿಎಲ್46 ಅಂದರೆ 16ಕ್ಕಿಂತ ಸ್ವಲ್ಪ ಜಾಸ್ತಿ. 6000 ಸಿಎಲ್36 ಅಂದರೆ 12. 6000 ಸಿಎಲ್30 ಅಂದರೆ 10. ಈಗ ಆ ದುಬಾರಿ 8000 ಸಿಎಲ್38 ಲೆಕ್ಕ ಹಾಕಿ: 9.5. ಅರ್ಧ ನ್ಯಾನೊಸೆಕೆಂಡಿಗೆ ಅಷ್ಟು ದುಡ್ಡು! ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಡೇಟಾ) ಜಾಸ್ತಿ ಸಿಗುತ್ತದೆ, ನಿಜ, ಆದರೆ ಎಎಂಡಿಯ ರೈಜನ್ 7000, 9000 ಸರಣಿಯ ಪ್ರೊಸೆಸರ್‌ಗಳಲ್ಲಿ 6000 ಸ್ಪೀಡ್ ದಾಟಿ ತುಂಬಾ ಮೇಲೆ ಹೋದರೆ ಮೆಮೊರಿ ಕಂಟ್ರೋಲರ್ (ಪ್ರೊಸೆಸರ್‌ನಲ್ಲಿ ರ‍್ಯಾಮ್ ನಡೆಸುವ ಭಾಗ) ಅರ್ಧ ವೇಗಕ್ಕೆ ಇಳಿಯುತ್ತದೆ, ಅಲ್ಲಿಗೆ ಆ ಲಾಭವೂ ಬಹುಪಾಲು ಕರಗಿಹೋಗುತ್ತದೆ. ಅದಕ್ಕೇ ರೈಜನ್‌ಗೆ ಎಲ್ಲರೂ 6000 ಸಿಎಲ್30 ಅನ್ನುವುದು.

ನಿಮ್ಮ ಗೇಮಿಗೆ ರ‍್ಯಾಮ್ ಅಡ್ಡ ಬರುತ್ತಿದೆಯಾ ಅಂತ ಮನೆಯಲ್ಲೇ ನೋಡಬಹುದು. ಗೇಮ್ ಓಪನ್ ಮಾಡಿ, ರೆಸಲ್ಯೂಶನ್ ಮತ್ತು ಗ್ರಾಫಿಕ್ಸ್ ಎರಡನ್ನೂ ತೀರಾ ಕೆಳಕ್ಕೆ ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಕಾಣುವ ಫ್ರೇಮ್‌ಗಳ ಸಂಖ್ಯೆ) ಜಿಗಿದು ಏರಿತಾ? ಹಾಗಾದರೆ ಒದ್ದಾಡುತ್ತಿರುವುದು ಗ್ರಾಫಿಕ್ಸ್ ಕಾರ್ಡ್, ರ‍್ಯಾಮಿನ ದುಡ್ಡು ಅದಕ್ಕೆ ಹಾಕಿ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಅಥವಾ ರ‍್ಯಾಮ್ ಕಡೆ ನೋಡಬೇಕು. 1080ಪಿಯಲ್ಲಿ ವ್ಯಾಲರಂಟ್, ಸಿಎಸ್2 ಆಡುವವರಿಗೆ ಒಳ್ಳೆ ರ‍್ಯಾಮಿನಿಂದ ವ್ಯತ್ಯಾಸ ಕಾಣಿಸಬಹುದು. 4ಕೆಯಲ್ಲಿ ಸೈಬರ್‌ಪಂಕ್ ಆಡುವವರಿಗೆ ಕಾಣಿಸುವುದು ಅಷ್ಟಕ್ಕಷ್ಟೇ. ರೈಜನ್ 7800ಎಕ್ಸ್3ಡಿ ತರಹದ ಪ್ರೊಸೆಸರ್ ಇದ್ದರಂತೂ ಅದರೊಳಗೇ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನದ್ದೇ ವೇಗದ ಮೆಮೊರಿ) ಇದೆ, ಪದೇ ಪದೇ ರ‍್ಯಾಮ್ ಹತ್ತಿರ ಹೋಗುವ ಅಗತ್ಯವೇ ಕಡಿಮೆ.

ಇನ್ನು ನಾನು ಮಾಡಿದ ತಪ್ಪು ಕೇಳಿ. 6000ದ ಕಿಟ್ ಕೊಂಡು ಆರು ತಿಂಗಳು 4800ರಲ್ಲೇ ಓಡಿಸಿದ್ದೆ! ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚಿನ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ ಎಎಂಡಿಯಾದರೆ ಎಕ್ಸ್‌ಪೋ, ಇಂಟೆಲ್ ಆದರೆ ಎಕ್ಸ್‌ಎಂಪಿ ಆನ್ ಮಾಡದಿದ್ದರೆ 6000ದಂಥ ಕಿಟ್‌ಗಳಲ್ಲಿ ಡಬ್ಬಿ ಮೇಲಿನ ಸ್ಪೀಡ್ ಸಾಮಾನ್ಯವಾಗಿ ಬರುವುದೇ ಇಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದರೆ ಈಗಿನ ಸ್ಪೀಡ್ ಕಾಣುತ್ತದೆ, ಇವತ್ತೇ ನೋಡಿ. ಕಂಪ್ಯೂಟರ್ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಆ್ಯಪ್‌ನಲ್ಲಿ ಅರ್ಧ ತೋರಿಸಿದರೆ ಹೆದರಬೇಡಿ, ಡಿಡಿಆರ್ ಲೆಕ್ಕವೇ ಹಾಗೆ, 3000 ಅಂದರೆ 6000. ಎಕ್ಸ್‌ಪೋ ಆನ್ ಮಾಡಿದ ಮೇಲೆ ಮೊದಲ ಸಲ ಸ್ಕ್ರೀನ್ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ರ‍್ಯಾಮ್ ಟ್ರೇನಿಂಗ್ (ಹೊಸ ಸ್ಪೀಡಿಗೆ ಹೊಂದಿಸಿಕೊಳ್ಳುವ ಕೆಲಸ) ನಡೆಯುತ್ತಿರುತ್ತದೆ, ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಕೊಳ್ಳುವಾಗ ಎರಡು ಸ್ಟಿಕ್‌ನ ಕಿಟ್ಟೇ ಕೇಳಿ. ಒಂದೇ ಸ್ಟಿಕ್ ಹಾಕಿದರೆ ಡೇಟಾ ಹೋಗುವ ದಾರಿ (ಚಾನೆಲ್) ಒಂದೇ, ಎಷ್ಟು ದುಬಾರಿ ರ‍್ಯಾಮ್ ಆದರೂ ಅಷ್ಟೇ. ಮದರ್‌ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಎರಡು ಸ್ಟಿಕ್ ಹಾಕುವುದು ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದರಲ್ಲಿ. ಆಮೇಲೆ ಇನ್ನೆರಡು ಸೇರಿಸಿಕೊಂಡರಾಯಿತು ಅಂದುಕೊಳ್ಳಬೇಡಿ, ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ಹಾಕಿದರೆ ಸ್ಪೀಡ್ ಇಳಿಸಬೇಕಾಗಿ ಬರುವುದೇ ಹೆಚ್ಚು.

ನನ್ನನ್ನು ಕೇಳಿದರೆ, ವೇಗದ 16ಕ್ಕಿಂತ ಸಾಧಾರಣ 32 ಜಿಬಿ ವಾಸಿ. ಸಿಎಲ್36ಕ್ಕೂ ಸಿಎಲ್30ಕ್ಕೂ ಒಂದು ಗೇಮಿನ ಬೆಲೆಯಷ್ಟು ವ್ಯತ್ಯಾಸವಿದ್ದರೆ ಸಿಎಲ್30 ತಗೊಳ್ಳಿ, ಅದಕ್ಕಿಂತ ಜಾಸ್ತಿ ಕೇಳಿದರೆ ಸಿಎಲ್36 ತಗೊಂಡು ಆ ಗೇಮನ್ನೇ ಕೊಂಡುಕೊಳ್ಳಿ.